ಅಚೆಯ ಹಳ್ಳಿಯಲ್ಲಿ ಮನೆ ಯಾರದ್ದು?

ನಿಮ್ಮ ಪ್ರಶ್ನೆ ಇದು: ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಶರಿಯಾ ಕಾನೂನು ಜಾರಿಯಲ್ಲಿದೆ. ಆದರೂ ಅಲ್ಲಿನ ಹಳ್ಳಿಗಳಲ್ಲಿ ಮನೆ ಹೆಂಡತಿಯದ್ದೇ ಅಂತಾರಲ್ಲ, ಹಾಗಿದ್ದರೆ ಗಂಡಸಿಗೆ ಏನು ಉಳಿಯಿತು?

ಮೊದಲು ಒಂದು ಮಾತು ಹೇಳ್ತೀನಿ. ನಮ್ಮಲ್ಲಿ ಹೆಂಗಸರು ಗಂಡನನ್ನು 'ನಮ್ಮ ಯಜಮಾನ್ರು' ಅಂತಾರೆ. ಅಚೆಯಲ್ಲಿ ಉಲ್ಟಾ. ಗಂಡ ಹೆಂಡತಿಯನ್ನು 'ಪೊ ರುಮೊ' ಅಂತಾನೆ. 'ಪೊ' ಅಂದರೆ ಒಡೆಯ ಅಥವಾ ಒಡತಿ, 'ರುಮೊ' ಅಂದರೆ ಮನೆ. ಇದು ಸುಮ್ನೆ ಗೌರವಕ್ಕೆ ಕರೆಯುವುದಲ್ಲ. ಮನೆ ನಿಜಕ್ಕೂ ಅವಳದ್ದೇ.

2004ರ ಸುನಾಮಿಯಲ್ಲಿ ಅಚೆಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ಅದಾದ ಮೇಲೆ ಮನೆ ಕಟ್ಟಿಸುವ ಕೆಲಸಕ್ಕೆ ಸೈಟ್ ಎಂಜಿನಿಯರ್ ಆಗಿ 2006ರಲ್ಲಿ ಪ್ರಾಂತ್ಯದ ರಾಜಧಾನಿ ಬಂದಾ ಅಚೆಗೆ ಹೋದೆ. ಒಂದು ವರ್ಷಕ್ಕೂ ಜಾಸ್ತಿ ಇದ್ದೆ. ('ಅಚೆಗೆ ಹೋಗ್ತೀನಿ' ಅಂದಾಗ ನಮ್ಮಮ್ಮ 'ಎಲ್ಲಿಂದ ಆಚೆಗೋ?' ಅಂತ ಕೇಳಿದ್ದಳು.) ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನ ಊರು ಪಿಡಿ ಜಿಲ್ಲೆಯಲ್ಲಿ, ಸಮುದ್ರದಿಂದ ಒಳಗೆ. ರಜೆ ಬಂತೆಂದರೆ ಎಲ್-300 ವ್ಯಾನ್ ಹತ್ತಿ, ಸೆಲಾವಾ ಬೆಟ್ಟ ದಾಟಿ ಅವನ ಊರಿಗೆ. 'ಅವನ ಊರು' ಅಂದೆ, ತಪ್ಪು. ಅದು ಅವನ ಹೆಂಡತಿಯ ಊರು. ಅವನು ಅಲ್ಲಿಗೆ ಮದುವೆಯಾಗಿ ಬಂದವನು.

ಆ ಭಾಗದಲ್ಲಿ ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ. ಅಪ್ಪ ಅಮ್ಮ ಬದುಕಿರುವಾಗಲೇ ಮನೆಯನ್ನು ಮಗಳಿಗೆ ಕೊಟ್ಟು, ತಾವು ಹಿಂದೆ ಒಂದು ಚಿಕ್ಕ ಕೋಣೆ ಹಾಕಿಕೊಂಡು ಸರಿದುಬಿಡುತ್ತಾರೆ. ಇನ್ನೊಬ್ಬ ಮಗಳಿದ್ದರೆ ಅದೇ ಹಿತ್ತಲಲ್ಲಿ ಇನ್ನೊಂದು ಮನೆ. ಹಾಗಾಗಿ ಒಂದೇ ಬೇಲಿಯೊಳಗೆ ಅಕ್ಕ, ತಂಗಿ, ಚಿಕ್ಕಮ್ಮ, ಅಜ್ಜಿ ಎಲ್ಲರ ಮನೆಯೂ ಇರುತ್ತದೆ. ಮದುವೆಯಾಗಿ ಸ್ವಲ್ಪ ಕಾಲ ಕಳೆದ ಮೇಲೆ ಮಗಳ ಸಂಸಾರವನ್ನು ಬೇರೆ ಇಡುತ್ತಾರೆ. ಅದಕ್ಕೆ 'ಪೆಮೆಕ್ಲೆ' ಅಂತಾರೆ. ಅನುಕೂಲ ಇದ್ದವರು ಮನೆಯ ಜೊತೆಗೆ ಒಂದು ತುಂಡು ಗದ್ದೆಯನ್ನೂ ಕೊಡುತ್ತಾರೆ.

ಹಾಗಾದರೆ ಶರಿಯಾ? ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು ಅನ್ನುವ ಲೆಕ್ಕ ಸತ್ತ ಮೇಲೆ ಉಳಿದ ಆಸ್ತಿಗೆ. ಬದುಕಿರುವಾಗ ಕೊಟ್ಟದ್ದು ದಾನ, ಅದಕ್ಕೆ ಆ ಲೆಕ್ಕ ಬರುವುದಿಲ್ಲ. ಅಪ್ಪ ಕಣ್ಣು ಮುಚ್ಚುವ ಹೊತ್ತಿಗೆ ಮನೆ ಮಗಳ ಕೈ ಸೇರಿರುತ್ತದೆ. ಉಳಿದ ಗದ್ದೆ, ತೋಟದಲ್ಲಿ ಗಂಡುಮಕ್ಕಳಿಗೆ ಹೆಚ್ಚಿನ ಪಾಲು. ಧರ್ಮವೂ ಉಳಿಯಿತು, ಮಗಳಿಗೆ ಸೂರೂ ಉಳಿಯಿತು. ಇದನ್ನು ನಮ್ಮ ಕರಾವಳಿಯ ಅಳಿಯಸಂತಾನದ ಜೊತೆ ಕಲಸಬೇಡಿ. ಅಚೆಯಲ್ಲಿ ವಂಶ ಅಪ್ಪನ ಕಡೆಯಿಂದ, ತಾಯಿಯ ಕಡೆಯಿಂದ ಎರಡೂ ಕಡೆಯಿಂದ ಲೆಕ್ಕಕ್ಕೆ ಬರುತ್ತದೆ. ಹಿರಿಯರಿಂದ ಬಂದ ಗದ್ದೆಯೇ ತಾಯಿಯ ಸಾಲಲ್ಲಿ ಇಳಿಯುವುದು ಅಚೆ ಇರುವ ಸುಮಾತ್ರಾ ದ್ವೀಪದ್ದೇ ಆದ ಮಿನಾಂಗ್ಕಬಾವ್ ಜನರಲ್ಲಿ, ಅವರು ಬೇರೆ.

ಗಂಡಸು ಮೊದಲಿನಿಂದಲೂ ಊರು ಬಿಟ್ಟು ದುಡಿಯುವವನು. ಹಿಂದೆ ಕರಿಮೆಣಸಿನ ತೋಟಕ್ಕೆ, ಈಗ ಮೆಡಾನ್, ಜಕಾರ್ತಾ, ಮಲೇಷ್ಯಾಕ್ಕೆ. ಪಿಡಿಯವರಂತೂ ಎಲ್ಲಿ ನೋಡಿದರೂ ಅಂಗಡಿ ಇಟ್ಟಿರುತ್ತಾರೆ. ಹುಡುಗರಿಗೆ ಚಿಕ್ಕಂದಿನಿಂದಲೇ ಮನೆಯಲ್ಲಿ ಜಾಗ ಕಡಿಮೆ. ವಯಸ್ಸಿಗೆ ಬಂದ ಹುಡುಗರು ರಾತ್ರಿ ಊರಿನ 'ಮೆನಾಸಾ'ದಲ್ಲಿ ಮಲಗುವ ರೂಢಿ ಇತ್ತು. ಅದೇ ನಮಾಜಿನ ಜಾಗ, ಅದೇ ಪಂಚಾಯ್ತಿ ಕಟ್ಟೆ. ವಿಚ್ಛೇದನ ಆದರೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಡುವವನು ಗಂಡಸೇ.

ಹಳೆಯ ಕಾಲದ ಮನೆಯನ್ನು ನೋಡಿದರೆ ಇನ್ನೊಂದು ವಿಷಯ ಅರ್ಥ ಆಗುತ್ತದೆ. ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ಆಳು ಆರಾಮಾಗಿ ಓಡಾಡಬಹುದು. ಮೊಳೆ ಇಲ್ಲ, ಬರೀ ಬೆಣೆ. ಬೆಣೆ ತಟ್ಟಿ ತೆಗೆದರೆ ಇಡೀ ಮನೆ ಬಿಡಿಬಿಡಿಯಾಗಿ ಬರುತ್ತದೆ. ಬಿಚ್ಚಿ ಇನ್ನೊಂದು ಕಡೆ ನಿಲ್ಲಿಸಬಹುದು, ಮಾರಲೂಬಹುದು. ಅಂದರೆ ನೆಲ ಬೇರೆ ಆಸ್ತಿ, ಮನೆ ಬೇರೆ ಆಸ್ತಿ. ಎಂಜಿನಿಯರ್ ಆದ ನನಗೆ ಇದು ತಲೆಗೆ ಹೋಗಲು ಸುಮಾರು ದಿನ ಬೇಕಾಯಿತು.

ಮನೆಯ ಕೆಳಗಿನ ನೆರಳಲ್ಲೇ ಹೆಂಗಸರ ದುಡಿಮೆ. ಪಿಡಿ 'ಎಂಪಿಂಗ್'ಗೆ ಹೆಸರುವಾಸಿ. ಮೆಲಿಂಜೊ ಅನ್ನುವ ಮರದ ಬೀಜದ ಹಪ್ಪಳ ಅದು. ಗೆಳೆಯನ ಅತ್ತೆ ಬೀಜವನ್ನು ಹುರಿದು, ಬಿಸಿ ಇರುವಾಗಲೇ ಸಿಪ್ಪೆ ಒಡೆದು, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಟಪ್ ಅಂತ ಬಡಿಯುತ್ತಿದ್ದಳು. ಒಂದು ಬೀಜ, ಮೂರು ನಾಲ್ಕು ಪೆಟ್ಟು, ಒಂದು ಬಿಲ್ಲೆ. ನಾನೂ ಪ್ರಯತ್ನ ಮಾಡಿದೆ. ಬೆರಳ ತುದಿ ಸುಟ್ಟಿತು, ಬಿಲ್ಲೆ ಹರಿಯಿತು, ಹೆಂಗಸರೆಲ್ಲ ನಕ್ಕರು. ಆ ದುಡ್ಡು ಅವಳದ್ದು, ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಗದ್ದೆಯ ವಿಷಯ ನಮ್ಮವರಿಗೆ ಹೇಳುವುದು ಸುಲಭ. ನಮ್ಮ ಹಳಬರು 'ಇಷ್ಟು ಕೊಳಗದ ಗದ್ದೆ' ಅನ್ನುತ್ತಿದ್ದ ಹಾಗೆ ಅಲ್ಲೂ ಬಿತ್ತನೆ ಬೀಜದ ಅಳತೆಯಿಂದಲೇ ಗದ್ದೆಯ ಲೆಕ್ಕ, 'ನಲೆ' ಅಂತಾರೆ. 'ಮವಾ' ಅಂದರೆ ಪಾಲಿಗೆ ಮಾಡುವುದು. ಗದ್ದೆಯೂ ಆಗಬಹುದು, ಹಸುವೂ ಆಗಬಹುದು. 'ಗಾಲಾ' ಅಂದರೆ ನಮ್ಮ ಭೋಗ್ಯವೇ: ಸಾಲ ಕೊಟ್ಟವನು ಅದು ತೀರುವ ತನಕ ಗದ್ದೆ ಉಳುತ್ತಾನೆ. ಆದರೆ ಸಾಲ ದುಡ್ಡಲ್ಲಿ ಅಲ್ಲ, ಸಾಮಾನ್ಯವಾಗಿ ಚಿನ್ನದಲ್ಲಿ. ಅಳತೆ 'ಮಯಮ್', ಒಂದು ಮಯಮ್ ಅಂದರೆ ಸುಮಾರು 3.3 ಗ್ರಾಂ. ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡುವ ಮಹರ್ ಕೂಡ ಮಯಮ್ ಲೆಕ್ಕದಲ್ಲೇ. ಹತ್ತು ಮಯಮ್‌ಗೆ ಭೋಗ್ಯ ಹಾಕಿದರೆ ಹತ್ತು ಮಯಮ್ ಕೊಟ್ಟೇ ಬಿಡಿಸಬೇಕು, ಚಿನ್ನದ ರೇಟ್ ಎಷ್ಟೇ ಏರಿರಲಿ. ಬಡ್ಡಿ ಇಲ್ಲ ಅನ್ನುತ್ತಾರೆ. ಆದರೆ ನನ್ನ ಕಣ್ಣಿಗೆ ಬಡ್ಡಿಗಿಂತ ಇದೇ ಭಾರ.

ಇನ್ನೊಂದು ಪದ್ಧತಿ ನನಗೆ ಹಿಡಿಸಲಿಲ್ಲ: 'ಪಾತಾ ತೀತಿ', ಅಂದರೆ ಸಂಕ (ಕಾಲುಸೇತುವೆ) ಮುರಿದದ್ದು. ತಾತ ಬದುಕಿದ್ದು ಅಪ್ಪ ಮೊದಲೇ ಸತ್ತರೆ, ತಾತನ ಆಸ್ತಿಗೆ ದಾಟುವ ಸಂಕ ಮುರಿಯಿತು, ಮೊಮ್ಮಕ್ಕಳಿಗೆ ಪಾಲಿಲ್ಲ. ಸುನಾಮಿ ಆದಮೇಲೆ ಅಂಥ ಮಕ್ಕಳು ಎಷ್ಟೋ ಜನ. ಸತ್ತ ಅಪ್ಪನ ಪಾಲು ಮಕ್ಕಳಿಗೆ ಬರುವ ಹಾಗೆ ಇಂಡೋನೇಷ್ಯಾ ಸರ್ಕಾರ 1991ರಲ್ಲೇ ನಿಯಮ ಮಾಡಿತ್ತು. ಆದರೂ ಹಳ್ಳಿಯ ಮಾತು ಬೇರೆ. ಒಳ್ಳೆಯ ತಾತ ಆದರೆ ಬದುಕಿರುವಾಗಲೇ ಏನಾದರೂ ಬರೆದುಕೊಡುತ್ತಿದ್ದ.

ಇನ್ನು ನಾವು ಮಾಡಿದ ಎಡವಟ್ಟು. ಕರಾವಳಿಯ ಹಳ್ಳಿಗಳಲ್ಲಿ ಬೇಲಿ, ತೆಂಗು, ಗಡಿ ಎಲ್ಲ ಕೊಚ್ಚಿಹೋಗಿತ್ತು. ಊರಿನ ಮುಖ್ಯಸ್ಥ, ಅವನನ್ನು 'ಕೆಚಿಕ್' ಅಂತಾರೆ, ಹಿರಿಯರನ್ನು ಕರೆದುಕೊಂಡು ನಡೆದು ಗೂಟ ಹಾಕಿಸುತ್ತಿದ್ದ. ಅಕ್ಕಪಕ್ಕದವರು ಒಪ್ಪಿ ಸಹಿ ಹಾಕುತ್ತಿದ್ದರು. ನಾವು 36 ಚದರ ಮೀಟರ್‌ನ ಇಟ್ಟಿಗೆ ಮನೆ ಕಟ್ಟಿಕೊಡುತ್ತಿದ್ದೆವು. ನಮ್ಮ ಫಾರಂನಲ್ಲಿ ಒಂದೇ ಗೆರೆ: 'ಕುಟುಂಬದ ಮುಖ್ಯಸ್ಥ'. ಅಲ್ಲಿ ಗಂಡನ ಹೆಸರು ಬರೆದೆವು. ಅತ್ತೆ ಕೊಟ್ಟ ನೆಲದ ಮೇಲೆ ಅಳಿಯನ ಹೆಸರಿನ ಮನೆ. ಎಷ್ಟು ಫಾರಂಗೆ ನಾನೇ ಸಹಿ ಹಾಕಿದ್ದೇನೋ. ಗೆಳೆಯ ಒಂದು ಸಂಜೆ ಆ ಕಟ್ಟನ್ನು ತಿರುವಿ ಹಾಕಿ, ನಗುತ್ತಾ, 'ನೀವು ಎಲ್ಲರಿಗೂ ಮನೆ ಕೊಟ್ಟಿರಿ, ಪೊ ರುಮೊ ಒಬ್ಬಳನ್ನು ಬಿಟ್ಟು' ಅಂದ.

ಅವನ ಹೆಂಡತಿಯ ಗದ್ದೆ ಆಗಲೇ ಹನ್ನೆರಡು ಮಯಮ್‌ಗೆ ಗಾಲಾದಲ್ಲಿತ್ತು. ಹೋದ ವರ್ಷ ಮೆಸೇಜ್ ಮಾಡಿ ಕೇಳಿದೆ. ಇನ್ನೂ ಬಿಡಿಸಿಲ್ಲವಂತೆ. ಉಳುತ್ತಿರುವವನು ಪಕ್ಕದ ಮನೆಯವನೇ, ಪ್ರತಿ ಕುಯ್ಲಿಗೂ ಹೊಸ ಅಕ್ಕಿ ತಂದು ಮೆಟ್ಟಿಲ ಹತ್ತಿರ ಇಟ್ಟು ಹೋಗುತ್ತಾನಂತೆ.