ಠಾಣೆ ರೈಲು ನಿಲ್ದಾಣದ ಇತಿಹಾಸವೇನು? ಅಲ್ಲಿಂದ ಯಾವ ರೈಲುಗಳು ಸಿಗುತ್ತವೆ?

ಭಾರತದ ಮೊದಲ ಸಾರ್ವಜನಿಕ ಪ್ರಯಾಣಿಕ ರೈಲು ಬಂದು ತಲುಪಿದ್ದು ಇಲ್ಲಿಗೇ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಹೊರಟ 14 ಬೋಗಿಗಳನ್ನು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿ ಎಂಜಿನ್‌ಗಳು ಸುಮಾರು 34 ಕಿಲೋಮೀಟರ್ ಎಳೆದು ತಂದವು. ಅಂದು ಬೋಗಿಗಳಲ್ಲಿ ಕುಳಿತಿದ್ದವರು ಸುಮಾರು 400 ಅತಿಥಿಗಳು. ಇಂದು ಅಷ್ಟು ಜನ ಒಂದೆರಡು ಬೋಗಿಗಳಲ್ಲೇ ತುಂಬಿಕೊಳ್ಳುತ್ತಾರೆ.

ಮಧ್ಯ ರೈಲ್ವೆಯ ಸ್ಲೋ, ಫಾಸ್ಟ್ ಲೋಕಲ್‌ಗಳು ಒಂದು ಕಡೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ (ಸಿಎಸ್‌ಎಂಟಿ), ಇನ್ನೊಂದು ಕಡೆ ಕಲ್ಯಾಣ್, ಕಸಾರಾ, ಕರ್ಜತ್‌ಗೆ ಓಡುತ್ತವೆ. 2004ರಲ್ಲಿ ಆರಂಭವಾದ ಟ್ರಾನ್ಸ್ ಹಾರ್ಬರ್ ಮಾರ್ಗ ವಾಶಿ, ಪನ್ವೇಲ್‌ಗೆ ಒಯ್ಯುತ್ತದೆ. ಉಡುಪಿ, ಮಂಗಳೂರಿನ ಕಡೆಯವರಿಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಇಲ್ಲಿಯೇ ಸಿಗುತ್ತದೆ, ಅದು ಹೊರಡುವ ಕುರ್ಲಾವರೆಗೆ ಹೋಗಬೇಕಿಲ್ಲ. ಸಾಮಾನು ಹೆಚ್ಚಿದ್ದರೆ ಸಂಜೆಯ ಫಾಸ್ಟ್ ಲೋಕಲ್‌ನ ಗೋಜಿಗೆ ಹೋಗಬೇಡಿ.