ನೆಪೋಲಿಯನ್ನನ ಓಲ್ಡ್ ಗಾರ್ಡ್: ಹಿಂದೆ ನಿಂತದ್ದೇಕೆ?

ಮಾನ್ಯರೇ,

ನೆಪೋಲಿಯನ್ನನ ಕೊನೆಯ ಸೋಲಾದ ವಾಟರ್ಲೂ ಕಾಳಗದ ಕುರಿತ ನಮ್ಮ ಲೇಖನವನ್ನು ಓದಿ ಶ್ರೀರಂಗಪಟ್ಟಣದಿಂದ ತಾವು ಬರೆದ ಪತ್ರ ತಲುಪಿದೆ. ತನ್ನ ಅಂಗರಕ್ಷಕ ಪಡೆ 'ಗಾರ್ಡ್'ನ ಹಿರಿಯ ಭಾಗವಾದ ಓಲ್ಡ್ ಗಾರ್ಡ್‌ನ, ಸೈನ್ಯದಲ್ಲೇ ಅತ್ಯಂತ ಅನುಭವಿಗಳಾದ ಯೋಧರನ್ನು ನೆಪೋಲಿಯನ್ ತನ್ನ ಬಳಿಯೇ ಇರಿಸಿಕೊಂಡು ಎಳೆಯ ಸೈನಿಕರನ್ನು ಸಾವಿನ ಬಾಯಿಗೆ ಕಳಿಸಿದ್ದು ಪಕ್ಷಪಾತವಲ್ಲವೇ, ಕೊನೆಗೆ ವಾಟರ್ಲೂನಲ್ಲಿ ಆ ಪಡೆಯೂ ಹಿಮ್ಮೆಟ್ಟಿತೆಂದ ಮೇಲೆ ಅದರ ಕೀರ್ತಿಗೆ ಆಧಾರವೇನು ಎಂದು ಕೇಳಿದ್ದೀರಿ.

ತಮ್ಮ ಮೊದಲ ಸಂಶಯ ಆ ಕಾಲದ ಫ್ರೆಂಚ್ ಸೈನಿಕರಲ್ಲೂ ಇತ್ತು. ಅಪರೂಪಕ್ಕೆ ಕಾದಾಡುವ ಗಾರ್ಡ್‌ನವರನ್ನು ಸಾಮಾನ್ಯ ರೆಜಿಮೆಂಟುಗಳವರು 'ಅಮರರು' ಎಂದು ಚುಚ್ಚಿ ಕರೆಯುತ್ತಿದ್ದರು. ಅಸಮಾಧಾನಕ್ಕೆ ಕಾರಣಗಳೂ ಇದ್ದವು. ಗಾರ್ಡ್‌ನವರ ಸಂಬಳ ಹೆಚ್ಚು, ಊಟ ವಸತಿ ಉತ್ತಮ, ದರ್ಜೆಯೂ ಇತರ ರೆಜಿಮೆಂಟುಗಳವರಿಗಿಂತ ಒಂದು ಮೆಟ್ಟಿಲು ಮೇಲೆ. ಆದರೆ ಅಲ್ಲಿಗೆ ಸೇರುವುದು ಸುಲಭವಾಗಿರಲಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾದರೂ ಹಲವು ವರ್ಷಗಳ ಸೇವೆ, ಕಾದಾಡಿದ ದಂಡಯಾತ್ರೆಗಳು, ಕಳಂಕವಿಲ್ಲದ ನಡತೆ ಮತ್ತು ಗ್ರೆನೇಡಿಯರ್ ಎಂಬ ಆಯ್ದ ಕಾಲಾಳು ಆಗಬೇಕಾದರೆ ಎದ್ದುಕಾಣುವ ಎತ್ತರ, ಇವೆಲ್ಲವನ್ನೂ ನೋಡಿಯೇ ಆಯ್ಕೆ ಮಾಡಲಾಗುತ್ತಿತ್ತು. ಕರಡಿ ತುಪ್ಪಳದ ಎತ್ತರದ ಟೋಪಿ, ಹಿಂದಕ್ಕೆ ಹೆಣೆದು ಪುಡಿ ಹಚ್ಚಿದ ಜಡೆ, ಕಿವಿಯಲ್ಲಿ ಚಿನ್ನದ ಓಲೆ: ಈ ವೇಷದ ಹಿಂದೆ ಇಟಲಿ, ಈಜಿಪ್ಟ್‌ಗಳ ರಣರಂಗಗಳನ್ನು ಕಂಡು ಬದುಕಿ ಬಂದವರಿದ್ದರು.

ಇಂಥವರನ್ನು ಹಿಂದೆ ನಿಲ್ಲಿಸುವುದೆಂದರೆ ಅವರಿಗೆ ವಿಶ್ರಾಂತಿ ಕೊಟ್ಟಂತೆ ಎಂದು ತಾವು ಭಾವಿಸಿದಂತಿದೆ. 1807ರ ಫೆಬ್ರವರಿ 8ರಂದು ಪೂರ್ವ ಪ್ರಷ್ಯಾದ ಐಲೌನಲ್ಲಿ ರಷ್ಯನ್ನರೊಂದಿಗಿನ ಕಾಳಗದಲ್ಲಿ ನಡೆದುದನ್ನು ಗಮನಿಸಿ. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿದ ಮಾರ್ಷಲ್ ಓಜರೋನ ದಳ ರಷ್ಯನ್ ಫಿರಂಗಿಗಳಿಗೆ ಸಿಕ್ಕಿ ನುಚ್ಚುನೂರಾಯಿತು. ರಷ್ಯನ್ ತುಕಡಿಯೊಂದು ನೆಪೋಲಿಯನ್ ನಿಂತಿದ್ದ ಸ್ಮಶಾನದ ಹತ್ತಿರಕ್ಕೇ ನುಗ್ಗಿ ಬಂತು. ಆಗ ಜನರಲ್ ದೊರ್ಸೆನ್‌ನ ನೇತೃತ್ವದಲ್ಲಿ ಗಾರ್ಡ್‌ನ ಒಂದು ಬೆಟಾಲಿಯನ್ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಎದುರು ನುಗ್ಗಿ ಅದನ್ನು ತಡೆಯಿತು. ಹೀಗೆ ಹಿಂದೆ ಉಳಿಸಿಕೊಂಡ ಮೀಸಲು ಪಡೆ ಅಲ್ಲಿ ಇರದಿದ್ದರೆ ಚಕ್ರವರ್ತಿಯೇ ಸೆರೆಯಾಗುವ ಸಂಭವವಿತ್ತು.

1812ರ ಸೆಪ್ಟೆಂಬರ್ 7ರ ಮಾಸ್ಕೋ ಬಳಿಯ ಬೊರೊಡಿನೊ ಕಾಳಗದ ವಿಚಾರದಲ್ಲಿ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ರಷ್ಯನ್ ಸಾಲು ಕುಸಿಯುವ ಹಂತದಲ್ಲಿದ್ದಾಗ ಗಾರ್ಡ್ ಅನ್ನು ಕಳಿಸಿಕೊಡಿ ಎಂದು ಮುಂಚೂಣಿಯ ಮಾರ್ಷಲ್‌ಗಳು ಬೇಡಿಕೊಂಡರು. ಗಾರ್ಡ್‌ನ ಫಿರಂಗಿಗಳನ್ನು ಬಳಸಿದ ನೆಪೋಲಿಯನ್ ಅದರ ಕಾಲಾಳುಗಳನ್ನು ಮಾತ್ರ ಕೊಡಲಿಲ್ಲ. ಪ್ಯಾರಿಸ್‌ನಿಂದ ಅಷ್ಟು ದೂರದಲ್ಲಿ ಕೊನೆಯ ಪಡೆಯನ್ನೂ ಪಣಕ್ಕಿಡಲು ಅವನು ಒಪ್ಪಲಿಲ್ಲ. ರಷ್ಯನ್ ಸೈನ್ಯ ಪೂರ್ತಿ ನಾಶವಾಗದೆ ತಪ್ಪಿಸಿಕೊಂಡಿತು ಎಂಬುದು ನಿಜ. ಆದರೂ ಆ ನಿರಾಕರಣೆ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ, ಏಕೆಂದರೆ ಎರಡು ತಿಂಗಳು ಕಳೆದು ರಷ್ಯಾದಿಂದ ಹಿಂದಿರುಗುವಾಗ, ನವೆಂಬರ್ 17ರಂದು ಕ್ರಾಸ್ನೊಯ್‌ನಲ್ಲಿ, ಮಾರ್ಷಲ್ ದಾವೂನ ದಳಕ್ಕೆ ದಾರಿ ಬಿಡಿಸಲು ರಷ್ಯನ್ ಸೇನಾಪತಿ ಕುಟುಜೋವ್‌ನ ಎದುರು ನೆಪೋಲಿಯನ್ ಸ್ವತಃ ನಡೆಸಿಕೊಂಡು ಹೋದದ್ದು ಇದೇ ಗಾರ್ಡ್ ಅನ್ನು. ಹಸಿವು ಮತ್ತು ಚಳಿಯಲ್ಲಿ ಉಳಿದ ಸೈನ್ಯ ಚದುರಿದ ಗುಂಪಾಗಿದ್ದಾಗಲೂ ಇವರು ಸಾಲು ಬಿಟ್ಟಿರಲಿಲ್ಲ. ಮೀನುಗಾರರ ದೋಣಿಗಳ ನಡುವೆ ನೂರು ಫಿರಂಗಿಗಳ ಯುದ್ಧನೌಕೆ ಸಾಗುವಂತೆ ಅವರು ಕೊಸಾಕರೆಂಬ ರಷ್ಯನ್ ಕುದುರೆ ಸವಾರರ ನಡುವೆ ಸಾಗಿದರೆಂದು ಬರೆದವನು ಫ್ರೆಂಚನಲ್ಲ, ಅವರನ್ನು ಬೆನ್ನಟ್ಟಿದ್ದ ರಷ್ಯನ್ ಅಧಿಕಾರಿ ಡೆನಿಸ್ ಡವಿಡೋವ್.

ಹಾಗೆಂದು ಈ ವ್ಯವಸ್ಥೆ ನಿರ್ದೋಷವೆಂದು ಹೇಳಲಾರೆ. ಗಾರ್ಡ್ ಬೆಳೆದಂತೆಲ್ಲ ಸಾಮಾನ್ಯ ರೆಜಿಮೆಂಟುಗಳು ತಮ್ಮ ಹಳೆಯ, ನುರಿತ ಸೈನಿಕರನ್ನು ಅದಕ್ಕೆ ಬಿಟ್ಟುಕೊಡಬೇಕಾಯಿತು. ಹೊಸದಾಗಿ ಬಂದ ಹುಡುಗನಿಗೆ ಬಂದೂಕು ತುಂಬುವುದನ್ನೂ, ಕುದುರೆ ಸವಾರರು ಮೇಲೆ ಬಿದ್ದಾಗ ಕದಲದೆ ನಿಲ್ಲುವುದನ್ನೂ ಪಕ್ಕದಲ್ಲಿ ನಿಂತು ಕಲಿಸಬೇಕಾದವನು ಅಲ್ಲಿ ಇಲ್ಲವಾದ. ತಮ್ಮ ಆಕ್ಷೇಪಣೆಯಲ್ಲಿ ನಾನು ಮನಸಾರೆ ಒಪ್ಪುವ ಭಾಗ ಇದು.

ಇನ್ನು ವಾಟರ್ಲೂ. 1815ರ ಜೂನ್ 18ರ ಸಂಜೆ ಏಳು ಗಂಟೆಯ ನಂತರ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಸೈನ್ಯವಿದ್ದ ದಿಣ್ಣೆಯನ್ನು ಹತ್ತಿ ಹಿಮ್ಮೆಟ್ಟಿದವರು ಮುಖ್ಯವಾಗಿ ಗಾರ್ಡ್‌ನ 3 ಮತ್ತು 4ನೆಯ ರೆಜಿಮೆಂಟುಗಳವರು. ಆ ವಸಂತದಲ್ಲಷ್ಟೇ ಕೂಡಿಸಿದ ಆ ರೆಜಿಮೆಂಟುಗಳನ್ನು ಸೈನ್ಯದಲ್ಲಿ ಮಿಡ್ಲ್ ಗಾರ್ಡ್ (ಓಲ್ಡ್ ಗಾರ್ಡ್‌ಗಿಂತ ಕೆಳಗಿನ ದರ್ಜೆ) ಎಂದೇ ಕರೆಯುತ್ತಿದ್ದರು. ನಿಜವಾದ ಹಳಬರ ಎರಡು ಬೆಟಾಲಿಯನ್‌ಗಳು ಅದಕ್ಕೆ ಸ್ವಲ್ಪ ಮುಂಚೆ ಪ್ಲಾನ್ಸೆನ್ವಾ ಹಳ್ಳಿಯಿಂದ ವೆಲಿಂಗ್ಟನ್‌ನ ಮಿತ್ರರಾದ ಪ್ರಷ್ಯನ್ನರನ್ನು ಬಯೊನೆಟ್‌ನಿಂದಲೇ ಹೊರದೂಡಿದ್ದವು. ಎದುರಿಗಿದ್ದ ವೆಲಿಂಗ್ಟನ್‌ಗೆ ಮೀಸಲು ಪಡೆಯ ಬೆಲೆ ಗೊತ್ತಿತ್ತು; 1799ರ ಮೇ 4ರಂದು ತಮ್ಮ ಊರಿನ ಕೋಟೆಗೆ ಬ್ರಿಟಿಷರು ಲಗ್ಗೆ ಹಾಕಿದಾಗ ಕಂದಕಗಳಲ್ಲಿ ಮೀಸಲು ಪಡೆಯನ್ನು ಹಿಡಿದು ಕಾದಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನೇ.

ಗಾರ್ಡ್ ಸಾಯುತ್ತದೆ, ಶರಣಾಗುವುದಿಲ್ಲ ಎಂಬ ಮಾತನ್ನೂ ತಾವು ಉಲ್ಲೇಖಿಸಿದ್ದೀರಿ. ಅದನ್ನು ಆಡಿದನೆಂದು ಹೇಳಲಾಗುವ ಜನರಲ್ ಕಾಂಬ್ರೋನ್ ತಾನು ಹಾಗೆ ಹೇಳಲಿಲ್ಲವೆಂದೇ ಹೇಳಿದ. ಅಂದು ಸೆರೆಸಿಕ್ಕ ಅವನು 1842ರವರೆಗೆ ಬದುಕಿದ್ದ. ಕೀರ್ತಿಗೆ ಆಧಾರ ಬೇಕಿದ್ದರೆ 1ನೆಯ ಗ್ರೆನೇಡಿಯರ್ ರೆಜಿಮೆಂಟಿನ ಕಡೆ ನೋಡಬೇಕು. ಇಡೀ ಸೈನ್ಯ ದಿಕ್ಕಾಪಾಲಾಗಿ ಓಡುತ್ತಿದ್ದಾಗ ಅದರ ಎರಡು ಬೆಟಾಲಿಯನ್‌ಗಳು ಚೌಕಾಕಾರದಲ್ಲಿ ನಿಂತು, ನೆಪೋಲಿಯನ್ನನಿಗೆ ತಮ್ಮ ನಡುವೆ ಆಸರೆ ಕೊಟ್ಟು, ವ್ಯೂಹ ಮುರಿಯದೆ ರಣರಂಗದಿಂದ ಹೊರಬಂದವು.

ಇಂತು,
ಸಂಪಾದಕ