ಲಾಗ್‌ನಲ್ಲಿ ಮೂರು ಗಂಟೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಹತ್ತದಂತೆ ಹೆಸರು, ಹುದ್ದೆ ಬದಲಿಸಲಾಗಿದೆ. ಇವರನ್ನು ಸುಮಾ ಎನ್ನೋಣ. ಬಿಲ್ಲಿಂಗ್ ವಿಭಾಗದಲ್ಲಿ ಆರು ವರ್ಷದಿಂದ ಕೆಲಸ. ಬಂದಾಗ ಹೇಳಿದ ದೂರು ನಿದ್ದೆಯದು: ಮೂರು ವಾರದಿಂದ ನಡುರಾತ್ರಿ ಎರಡಕ್ಕೆ ಎಚ್ಚರ, ಮತ್ತೆ ಕಣ್ಣು ಹತ್ತುವುದಿಲ್ಲ. ಮಾತು ಮುಂದುವರಿದಂತೆ ಬೇರೆಯದೇ ಹೊರಬಂತು. ಆಫೀಸಿನ ಚಾಟ್ ಆ್ಯಪ್‌ನಲ್ಲಿ ಐದು ನಿಮಿಷ ಕೈ ಆಡದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ. ಹಾಗಾಗದಿರಲೆಂದು ಸುಮಾ ಮೇಜಿನಲ್ಲೇ ಕೂತು, ಎಡಗೈಯಲ್ಲಿ ಮೌಸ್ ಅಲುಗಿಸುತ್ತ ಊಟ ಮಾಡುತ್ತಿದ್ದರು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು. ಯಾಕೆಂದು ಕೇಳಬೇಕಾಗಿರಲಿಲ್ಲ.

ಶುರುವಾದದ್ದು ಇಂಟರ್ನೆಟ್ ಬಳಕೆಯ ಲಾಗ್‌ನಿಂದ, ಅಂದರೆ ತಂತಾನೇ ಬರೆದುಕೊಳ್ಳುವ ದಾಖಲೆಯಿಂದ, ತೆಗೆದ ಒಂದು ವರದಿಯಿಂದ. ಮ್ಯಾನೇಜರ್ ಕರೆಸಿ, ಹಾಳೆಯೊಂದನ್ನು ದೂರದಿಂದಲೇ ತೋರಿಸಿ, "ದಿನಕ್ಕೆ ಮೂರು ಗಂಟೆ ಸುದ್ದಿ ಓದ್ತೀರಿ" ಅಂದಿದ್ದರು. ಸುದ್ದಿಯ ಕೆಳಗಿನ ಸಾಲಿನಲ್ಲಿ ‘ಆರೋಗ್ಯ’ ಎಂಬ ವರ್ಗ ಸುಮಾ ಕಣ್ಣಿಗೆ ಬಿತ್ತು. ಅದೇ ವಾರ ಅವರು ಆಫೀಸ್ ಕಂಪ್ಯೂಟರಿನಲ್ಲಿ ‘ಗರ್ಭಪಾತದ ಬಳಿಕ ಖಿನ್ನತೆ’ ಎಂದು ಹುಡುಕಿದ್ದರು. ಗರ್ಭ ನಿಲ್ಲದೆ ಹೋದದ್ದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಾಗಿದೆ ಎಂಬುದು ಅವರ ನಂಬಿಕೆ.

ಇಂಥ ಆತಂಕಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಸುಲಭ, ಆದರೆ ಪ್ರಯೋಜನ ಕಡಿಮೆ. ನಿಗಾ ಇರುವುದು ಭ್ರಮೆಯಲ್ಲ. ಎಷ್ಟು ಕಾಣುತ್ತದೆ ಎಂಬುದು ತಿಳಿಯದಿದ್ದಾಗ ಮನಸ್ಸು ಎಲ್ಲವೂ ಕಾಣುತ್ತದೆ ಎಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲಿ ಕೊಟ್ಟದ್ದು ಒಂದೇ ಕೆಲಸ: ಹಾಳೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಗೊತ್ತಿರುವುದು, ಇನ್ನೊಂದು ಕಡೆ ಊಹೆ ಬರೆಯಬೇಕು. ಗೊತ್ತಿರುವುದು ಮೂರು ಸಾಲಿಗೆ ಮುಗಿಯಿತು. ಊಹೆ ಹಾಳೆಯ ಹಿಂಬದಿಗೂ ಹರಿದಿತ್ತು.

ಎರಡನೆಯ ಭೇಟಿಯ ಹೊತ್ತೆಲ್ಲ ಈ ಊಹೆಗಳಿಗೇ ಹೋಯಿತು. ಇಂದಿನ ಬಹುತೇಕ ಜಾಲತಾಣಗಳ ಸಂಪರ್ಕ ಗೂಢಲಿಪೀಕರಣಗೊಂಡಿರುತ್ತದೆ, ಅಂದರೆ ನಡುವಿನವರಿಗೆ ಓದಲಾಗದಂತೆ ಸಂಕೇತವಾಗಿ ಬದಲಾಗಿರುತ್ತದೆ. ಸಾಮಾನ್ಯವಾಗಿ ಕಂಪನಿಯ ನೆಟ್‌ವರ್ಕ್‌ಗೆ ತಾಣದ ಹೆಸರು, ಹೊತ್ತು, ಹರಿದ ಡೇಟಾದ ಗಾತ್ರ ಕಾಣುತ್ತವೆ. ಓದಿದ ಪುಟ, ಟೈಪ್ ಮಾಡಿದ ಪದ ಕಾಣುವುದಿಲ್ಲ. ಆದರೆ ಕಂಪನಿ ತನ್ನದೇ ರೂಟ್ ಸರ್ಟಿಫಿಕೇಟನ್ನು (ಯಾವ ತಾಣ ಅಸಲಿ ಎಂದು ನಂಬಲು ಬ್ರೌಸರ್ ಆಧರಿಸುವ ಮೂಲ ಪ್ರಮಾಣಪತ್ರ) ಕಂಪ್ಯೂಟರಿಗೆ ಹಾಕಿದ್ದರೆ ನಡುವೆ ನಿಂತು ಎಲ್ಲವನ್ನೂ ಬಿಚ್ಚಿ ಓದಬಹುದು. ಇದನ್ನು ಯಾರಾದರೂ ಪರೀಕ್ಷಿಸಬಹುದು: ಬ್ರೌಸರಿನ ವಿಳಾಸಪಟ್ಟಿಯ ಪಕ್ಕದ ಗುರುತು ಒತ್ತಿ, ಸರ್ಟಿಫಿಕೇಟ್ ಕೊಟ್ಟವರು ಯಾರೆಂದು ನೋಡಬೇಕು. ಅಲ್ಲಿ ಕಂಪನಿಯ ಅಥವಾ ಯಾವುದೋ ಭದ್ರತಾ ಉಪಕರಣದ ಹೆಸರಿದ್ದರೆ ಬಿಚ್ಚುತ್ತಿದ್ದಾರೆ ಎಂದರ್ಥ. ಬ್ಯಾಂಕ್, ಆರೋಗ್ಯ ತಾಣಗಳನ್ನು ಬಿಚ್ಚದೆ ಬಿಡುವ ಏರ್ಪಾಡೂ ಇರುತ್ತದೆ, ಆದ್ದರಿಂದ ಒಂದೇ ತಾಣ ನೋಡಿ ತೀರ್ಮಾನಿಸಬಾರದು. ಸುಮಾ ಸರ್ಚ್ ಎಂಜಿನ್‌ನಲ್ಲೂ ಆರೋಗ್ಯ ತಾಣದಲ್ಲೂ ನೋಡಿದರು. ಎರಡೂ ಕಡೆ ಕಂಪನಿಯ ಹೆಸರಿರಲಿಲ್ಲ. ಕಂಪ್ಯೂಟರಿನೊಳಗೇ ಕೂತು ಪರದೆಯ ಚಿತ್ರ ತೆಗೆಯುವ ತಂತ್ರಾಂಶ ಇದ್ದರೆ ಮಾತ್ರ ಈ ಪರೀಕ್ಷೆಗೆ ಸಿಗದು. ಅದನ್ನು ಕೇಳಿಯೇ ತಿಳಿಯಬೇಕು.

ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯನ್ನು ನಂಬಬೇಡಿ ಎಂದೂ ಹೇಳಬೇಕಾಯಿತು. ಅದು ಆ ಕಂಪ್ಯೂಟರಿನ ಹಿಸ್ಟರಿಯನ್ನು ಅಳಿಸುತ್ತದೆ, ನೆಟ್‌ವರ್ಕ್‌ನ ಲಾಗನ್ನಲ್ಲ. ಇನ್ನೊಂದು ಸೋರಿಕೆ ಅವರಿಗೆ ಹೊಳೆದೇ ಇರಲಿಲ್ಲ: ಆಫೀಸಿನ ಬ್ರೌಸರಿನಲ್ಲಿ ಸ್ವಂತ ಖಾತೆಗೆ ಲಾಗಿನ್ ಆಗಿ ಸಿಂಕ್ ಹಾಕಿಕೊಂಡಿದ್ದರಿಂದ, ಮನೆಯ ಫೋನಿನಲ್ಲಿ ನೋಡಿದ್ದೆಲ್ಲ ಆಫೀಸ್ ಕಂಪ್ಯೂಟರಿಗೂ ಬಂದು ಕೂರುತ್ತಿತ್ತು. ಆ ದಿನವೇ ತೆಗೆಸಿದ್ದಾಯಿತು.

ಮೌಸನ್ನು ತಾನೇ ಅಲುಗಿಸುವ ಸಾಧನ ಕೊಳ್ಳಲೇ ಎಂದು ಕೇಳಿದರು. ಖಂಡಿತ ಬೇಡ ಎಂದು ಹೇಳಲಾಯಿತು. ಯುಎಸ್‌ಬಿಗೆ ಚುಚ್ಚಿದ ಸಾಧನವೂ ಲಾಗ್ ಆಗಬಹುದು; ಆಗ ಬರಿಯ ಅನುಮಾನವಿದ್ದಲ್ಲಿ ವಂಚನೆಯ ಪುರಾವೆ ಸಿಕ್ಕಂತಾಗುತ್ತದೆ.

"ಹೀಗೆ ನೋಡೋದೇ ತಪ್ಪಲ್ವಾ?" ಎಂಬ ಪ್ರಶ್ನೆಯೂ ಬಂತು. ತಪ್ಪೆನ್ನಲಾಗದು. ವೈರಸ್, ಡೇಟಾ ಕಳವು ತಡೆಯಲು ನೆಟ್‌ವರ್ಕ್ ನೋಡಲೇಬೇಕು. ಕಂಪನಿ ತನ್ನ ಚಾಟ್ ಸಂದೇಶಗಳನ್ನು ನೋಡಿತೆಂದು ದೂರಿದ್ದ ರೊಮೇನಿಯಾದ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಸೆಪ್ಟೆಂಬರ್ 5ರಂದು ಅವರ ಪರವಾಗಿ 11-6 ಮತಗಳ ತೀರ್ಪು ಕೊಟ್ಟಾಗಲೂ ನಿಗಾ ಬೇಡವೆನ್ನಲಿಲ್ಲ. ನೋಡುತ್ತೇವೆಂದು ಮೊದಲೇ ಹೇಳಿದ್ದರೇ, ಎಷ್ಟರಮಟ್ಟಿಗೆ ನೋಡಿದರು, ಕಾರಣವೇನು, ಇದಕ್ಕಿಂತ ಮೃದುವಾದ ದಾರಿ ಇರಲಿಲ್ಲವೇ ಎಂದು ಕೇಳಿತು. ಸುಮಾ ತಮ್ಮ ಕಂಪನಿಯನ್ನು ಕೇಳಬೇಕಾದದ್ದೂ ಹೆಚ್ಚುಕಡಿಮೆ ಇವನ್ನೇ.

ಎಚ್‌ಆರ್‌ಗೆ ಬರೆಯುವ ಪತ್ರವನ್ನು ಅಲ್ಲೇ ಕೂತು ತಯಾರಿಸಲಾಯಿತು. ಆರು ಸಾಲು, ಆರೋಪವಿಲ್ಲ: "ನನ್ನ ಇಂಟರ್ನೆಟ್ ಬಳಕೆಯಲ್ಲಿ ಏನೇನು ದಾಖಲಾಗುತ್ತದೆ: ತಾಣದ ಹೆಸರೇ, ಪೂರ್ತಿ ವಿಳಾಸವೇ, ಪರದೆಯ ಚಿತ್ರವೇ? ಯಾರು ನೋಡುತ್ತಾರೆ? ಎಷ್ಟು ದಿನ ಇಡುತ್ತಾರೆ? ಮೌಲ್ಯಮಾಪನಕ್ಕೆ ಬಳಸುತ್ತಾರೆಯೇ? ನನಗೆ ತೋರಿಸಿದ ವರದಿಯನ್ನು ಹೊತ್ತಿನ ವಿವರದೊಂದಿಗೆ ಕೊಡಿ." ಮೊದಲ ಕರಡಿನಲ್ಲಿ ಅವರು ಆ ಹುಡುಕಾಟದ ಬಗ್ಗೆಯೂ ವಿವರಣೆ ಬರೆದಿದ್ದರು. ಅದನ್ನು ತೆಗೆಸಲಾಯಿತು. ಸಮರ್ಥಿಸಿಕೊಳ್ಳಲು ಹೋಗಿ, ಯಾರೂ ನೋಡಿರದ್ದನ್ನು ತಾವೇ ಬಯಲು ಮಾಡಿಕೊಳ್ಳುವುದು ಇಂಥ ಪತ್ರಗಳಲ್ಲಿ ಸಾಮಾನ್ಯ ಎಡವಟ್ಟು.

ಒಂಬತ್ತು ದಿನಕ್ಕೆ ಉತ್ತರ ಬಂತು. ತಾಣದ ಹೆಸರು ಮಾತ್ರ, 90 ದಿನ, ಐಟಿಯ ಇಬ್ಬರ ಕೈಯಲ್ಲಿ. ಮ್ಯಾನೇಜರ್‌ಗೆ ಹೋಗುವುದು ವರ್ಗವಾರು ಮೊತ್ತ. ವರದಿಯ ಸಾಲುಗಳನ್ನು ಬಿಡಿಸಿ ನೋಡಿದಾಗ ‘ಮೂರು ಗಂಟೆ’ಯ ಗುಟ್ಟೂ ಸಿಕ್ಕಿತು. ಮನುಷ್ಯ ಓದುವಾಗ ಸಾಲುಗಳು ಗುಂಪುಗುಂಪಾಗಿ ಬಿದ್ದು ನಡುವೆ ಬಿಡುವಿರುತ್ತದೆ. ಇಲ್ಲಿ ಅರವತ್ತು ಸೆಕೆಂಡಿಗೊಂದು, ಗಡಿಯಾರದಂತೆ. ಬೆಳಿಗ್ಗೆ ತೆರೆದು ಮರೆತ ಟ್ಯಾಬ್ ತನ್ನಷ್ಟಕ್ಕೇ ತಾಜಾ ಆಗುತ್ತಿತ್ತು. ಸುಮಾ ಮೀಟಿಂಗ್ ಕೋಣೆಯಲ್ಲಿದ್ದ ಒಂದು ಗಂಟೆಯಲ್ಲೂ ಅವು ತಪ್ಪಿರಲಿಲ್ಲ. ಸಾಲದ್ದಕ್ಕೆ, ಒಂದು ಸುದ್ದಿಪುಟ ಜಾಹೀರಾತು, ಚಿತ್ರಗಳಿಗೆಂದು ಹತ್ತಾರು ಬೇರೆ ವಿಳಾಸಗಳನ್ನು ಕರೆಯುತ್ತದೆ. ವರದಿ ಒಂದೊಂದನ್ನೂ ಭೇಟಿಯೆಂದೇ ಎಣಿಸಿತ್ತು. ಮೀಟಿಂಗ್ ಹೊತ್ತನ್ನು ಪಕ್ಕದಲ್ಲಿ ಬರೆದು ಕೊಟ್ಟ ಮೇಲೆ ಮ್ಯಾನೇಜರ್ ಮಾತು ಹಿಂತೆಗೆದುಕೊಂಡರು, ಕ್ಷಮೆ ಕೇಳಲಿಲ್ಲ.

ಹಸಿರು ಚುಕ್ಕೆಗೆ ಬೇರೆ ಅಭ್ಯಾಸ ಬೇಕಾಯಿತು: ದಿನಕ್ಕೊಮ್ಮೆ ಬೇಕೆಂದೇ ಹತ್ತು ನಿಮಿಷ ಹಳದಿಯಾಗಲು ಬಿಡುವುದು, ಏನಾದೀತೆಂದು ಮುಂಚೆ ಬರೆಯುವುದು, ಏನಾಯಿತೆಂದು ಆಮೇಲೆ ಬರೆಯುವುದು. ನಾಲ್ಕನೆಯ ಭೇಟಿಯ ಹೊತ್ತಿಗೆ ವಾರದ ಐದು ದಿನಗಳಲ್ಲಿ ನಾಲ್ಕು ದಿನ ಮೇಜು ಬಿಟ್ಟೆದ್ದು ಊಟ ಮಾಡಿದ್ದರು. ವರ್ಗವಾರು ಪಟ್ಟಿಯಲ್ಲಿ ‘ಆರೋಗ್ಯ’ ಇನ್ನೂ ಇದೆ, ತೆಗೆಯಿರೆಂಬ ಮನವಿಗೆ ಉತ್ತರ ಬಂದಿಲ್ಲ. ಅಂಥ ಹುಡುಕಾಟವೆಲ್ಲ ಈಗ ಸ್ವಂತ ಫೋನಿನಲ್ಲಿ, ಆಫೀಸಿನ ವೈಫೈ ಆರಿಸಿ.

ಐದನೆಯ ಭೇಟಿಯಲ್ಲಿ ಲಾಗ್‌ನ ಮಾತು ಬರಲೇ ಇಲ್ಲ. ಅಂದು ಅವರು ಕಳೆದುಕೊಂಡ ಮಗುವಿನ ಬಗ್ಗೆ ಮಾತಾಡಲು ಶುರುಮಾಡಿದರು.